ಮ್ಯೂಸಿಯಂ ಅಂಗಳದಲ್ಲಿ ಖಗೋಳ ದಿನ: ಮಾಡಿದವರ ಅನುಭವ ಬೇಕು

ಪ್ರಶ್ನೆ: ನಮ್ಮದು ಸಣ್ಣ ಹವ್ಯಾಸಿ ಖಗೋಳ ಸಂಘ. ಮ್ಯೂಸಿಯಂನವರು ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅಂಗಳ ಮತ್ತು ಒಂದು ಕೋಣೆ ಕೊಡ್ತೀವಿ, ಜನರಿಗೆ ಏನಾದರೂ ಮಾಡಿ ಅಂದಿದ್ದಾರೆ. ದಿನಾಂಕ ನಮ್ಮ ಆಯ್ಕೆ. ಟೆಲಿಸ್ಕೋಪ್ ಇರೋದು ಮೂರು, ಜನ ಆರೇಳು. ಹಗಲಲ್ಲಿ ಏನು ತೋರಿಸೋದು? ಮೋಡ ಕವಿದರೆ ಏನು ಗತಿ?

ಉತ್ತರ 1: ದಿನಾಂಕ ನಿಮ್ಮ ಕೈಲಿದೆ ಅಂದರೆ ಶುಕ್ಲಪಕ್ಷದ ಅಷ್ಟಮಿ ಆಸುಪಾಸು ಇಟ್ಟುಕೊಳ್ಳಿ. ಅರ್ಧ ಚಂದ್ರ ಮಧ್ಯಾಹ್ನದ ಹೊತ್ತಿಗೆ ಹುಟ್ಟಿ, ಸಂಜೆಗೆ ಎತ್ತರದಲ್ಲಿರ್ತಾನೆ. ಬೆಳಕು-ಕತ್ತಲೆಯ ಗೆರೆಯ ಉದ್ದಕ್ಕೂ ಕುಳಿಗಳ ನೆರಳು ಚೆನ್ನಾಗಿ ಬಿದ್ದಿರುತ್ತೆ. ಹುಣ್ಣಿಮೆ ಮಾತ್ರ ಬೇಡ, ನೆರಳೇ ಇಲ್ಲದೆ ಎಲ್ಲ ಚಪ್ಪಟೆಯಾಗಿ ಕಾಣುತ್ತೆ.

ಹಗಲಿಗೆ ಸೂರ್ಯ. ಇಲ್ಲಿ ಯಾವ ರಿಯಾಯಿತಿಯೂ ಬೇಡ. ಸೋಲಾರ್ ಫಿಲ್ಟರ್ ಟೆಲಿಸ್ಕೋಪಿನ ಮುಂದಿನ ಬಾಯಿಗೇ, ಅಂದರೆ ಸೂರ್ಯನ ಕಡೆಗಿರುವ ತುದಿಗೇ ಕೂರಬೇಕು. ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರಕ್ಕೆ) ತಿರುಗಿಸಿ ಹಾಕುವ ಹಳೇ ಕಪ್ಪು ಗಾಜು ಯಾರ ಬಳಿಯಾದರೂ ಇದ್ದರೆ ಅಂಗಳಕ್ಕೇ ತರಬೇಡಿ. ಬೆಳಕೆಲ್ಲ ಬಂದು ಸೇರುವ ಜಾಗದಲ್ಲಿ ಅದು ಕಾದು ಬಿರುಕುಬಿಟ್ಟರೆ ಕಣ್ಣೇ ಹೋಗುತ್ತೆ. ಕಣ್ಣಿಂದ ನೋಡುವುದಕ್ಕೆಂದು ಬರುವ ಫಿಲ್ಟರ್ ಫಿಲ್ಮು ಬೆಳಕಿನ ಲಕ್ಷದಲ್ಲೊಂದು ಪಾಲನ್ನಷ್ಟೇ ಒಳಗೆ ಬಿಡುತ್ತೆ, ಹಾಗಾಗಿ ಒಂದು ಸೂಜಿತೂತು ಇದ್ದರೂ ಕೆಟ್ಟಿತು. ಹೊರಡುವ ಮುಂಚೆ ಬಲ್ಬಿಗೆ ಹಿಡಿದು ನೋಡಿ, ಹಾಕಿದ ಮೇಲೆ ಗಾಳಿಗೆ ಹಾರದಂತೆ ಟೇಪ್ ಸುತ್ತಿ. ಫೈಂಡರನ್ನು (ಗುರಿ ಹಿಡಿಯಲು ಕೊಳವೆಯ ಪಕ್ಕ ಕೂರಿಸಿರುವ ಪುಟ್ಟ ಟೆಲಿಸ್ಕೋಪನ್ನು) ಬಿಚ್ಚಿಟ್ಟುಬಿಡಿ, ಮಕ್ಕಳು ಮೊದಲು ಇಣುಕೋದೇ ಅದರಲ್ಲಿ. ಅದಿಲ್ಲದೆ ಸೂರ್ಯನನ್ನು ಹುಡುಕೋದು ಕಷ್ಟವಲ್ಲ: ನೆಲದ ಮೇಲೆ ಬೀಳುವ ಕೊಳವೆಯ ನೆರಳು ಆದಷ್ಟು ಚಿಕ್ಕದಾಗುವ ತನಕ ತಿರುಗಿಸಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಇನ್ನೊಂದು. "ಕಾಣಿಸ್ತಾ?" ಅಂತ ಕೇಳಬೇಡಿ. ಹಿಂದೆ ಸಾಲು ನಿಂತಿರುವಾಗ ಯಾರೂ ಇಲ್ಲ ಅನ್ನಲ್ಲ. ಐಪೀಸಿನ ಅಂಚು ಮಾತ್ರ ನೋಡಿ, "ಹೂಂ, ಚೆನ್ನಾಗಿದೆ" ಅಂತ ಮುಂದೆ ಹೋಗ್ತಾರೆ. "ಕಪ್ಪು ಚುಕ್ಕೆ ಯಾವ ಕಡೆ ಇದೆ?" ಅಂತ ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಮಕ್ಕಳ ಕೈಗೆ ಬರೀ ಒಂದು ವೃತ್ತ ಬರೆದ ಚೀಟಿ ಕೊಟ್ಟು, ಸೂರ್ಯನ ಮೇಲೆ ಕಂಡ ಕಪ್ಪು ಕಲೆಯನ್ನು ಗುರುತು ಮಾಡಲು ಹೇಳಿ. ಚುಕ್ಕೆ ಹಾಕಿದ ಮೇಲೆ ಅದರೊಳಗೆ ಇಡೀ ಭೂಮಿ ಹಿಡಿಸಬಹುದು ಅಂತ ಹೇಳಿ ನೋಡಿ, ಆ ಮಗು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತೆ. ಕಲೆ ಕಪ್ಪು ಯಾಕೆ ಅಂದರೆ, ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇರುವ ಸುತ್ತಲಿನ ಮೇಲ್ಮೈಗಿಂತ ಅದು ಸಾವಿರಕ್ಕೂ ಹೆಚ್ಚು ಡಿಗ್ರಿ ತಂಪು.

ಮೋಟಾರ್ ಇಲ್ಲದ ಟೆಲಿಸ್ಕೋಪಾದರೆ ಎರಡೇ ನಿಮಿಷದಲ್ಲಿ ಸೂರ್ಯ ತನ್ನ ಅಗಲದಷ್ಟು ಸರಿದಿರ್ತಾನೆ. ಕಡಿಮೆ ವರ್ಧನೆಯ ಐಪೀಸ್ ಹಾಕಿ, ಒಬ್ಬಿಬ್ಬರು ನೋಡಿದ ಕೂಡಲೇ ನೀವೇ ಸರಿಮಾಡ್ತಾ ಇರಿ. ಹಿಡಿದುಕೊಳ್ಳಲು ಕಂಬಿ ಇರುವ ಪುಟ್ಟ ಏಣಿ ಇದ್ದರೆ ಮಕ್ಕಳು ಕೊಳವೆಗೆ ಜೋತುಬೀಳಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ, ಬಗ್ಗಲಾರದ ಹಿರಿಯರಿಗೆ ಒಂದು ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟಿ ಪರದೆ ಮೇಲೆ ತೋರಿಸಿ.

ಉತ್ತರ 2: ಮೋಡದ ಬಗ್ಗೆ ನಾನು ಹೇಳ್ತೀನಿ. ಕೋಣೆಯನ್ನು "ಮೋಡ ಬಂದರೆ" ಅಂತ ಮೀಸಲಿಡಬೇಡಿ, ಬೆಳಿಗ್ಗೆಯಿಂದಲೇ ನಡೆಸಿ. ನಮ್ಮಲ್ಲಿ ಜನ ಮುಗಿಬಿದ್ದದ್ದು ಅಳತೆಯ ಮಾದರಿಗೆ. 22 ಸೆಂಟಿಮೀಟರಿನ ಫುಟ್ಬಾಲ್ ಸೂರ್ಯನಾದರೆ ಭೂಮಿ 2 ಮಿಲಿಮೀಟರಿನ ಸಾಸಿವೆ ಕಾಳು, ಅದನ್ನು ಸುಮಾರು 24 ಮೀಟರ್ ದೂರಕ್ಕೆ ಒಯ್ಯಬೇಕು. ಚಂದ್ರ ಆ ಕಾಳಿನಿಂದ 6 ಸೆಂಟಿಮೀಟರ್. ಗುರು ದೊಡ್ಡ ಗೋಲಿ, 120 ಮೀಟರಿಗೂ ಆಚೆ, ಅಂದರೆ ಗೇಟಿನ ಹೊರಗೆ. ಕಾಳನ್ನು ಅವರ ಅಂಗೈಗೇ ಕೊಟ್ಟು ನಡೆಸಿ, ನೀವು ನಡೆದು ತೋರಿಸಬೇಡಿ. ಹತ್ತಿರದ ನಕ್ಷತ್ರ ಎಲ್ಲಿಡೋದು ಅಂತ ಯಾರಾದರೂ ಕೇಳೇ ಕೇಳ್ತಾರೆ: ಇದೇ ಲೆಕ್ಕದಲ್ಲಿ 6,000 ಕಿಲೋಮೀಟರಿಗೂ ದೂರ.

ಉಲ್ಕಾಶಿಲೆ ಇದ್ದರೆ ಮುಟ್ಟಲು ಕೊಡಿ. ಕಬ್ಬಿಣದ್ದನ್ನು ಎತ್ತಿದ ಕ್ಷಣ ಅದರ ತೂಕಕ್ಕೆ ಜನ ಬೆಚ್ಚಿಬೀಳ್ತಾರೆ. ಒಂದು ಕಲ್ಲು ಮಾತ್ರ ಕೈಗೆ, ಉಳಿದವು ಗಾಜಿನೊಳಗೆ. ಬೆವರಿಗೆ ತುಕ್ಕು ಹಿಡಿಯುತ್ತೆ.

ಉತ್ತರ 3: ನಾನು ಮ್ಯೂಸಿಯಂ ಕಡೆಯವಳು. ಮೇಲಿನವರು ಹೇಳಿದ ಉಲ್ಕಾಶಿಲೆಗೆ ಒಂದು ಮಾತು ಸೇರಿಸ್ತೀನಿ: ಬಲವಾದ ಅಯಸ್ಕಾಂತ ತಾಗಿಸಿ ತೋರಿಸಬೇಡಿ, ಸಂಗ್ರಹದ ಕಲ್ಲಾಗಿದ್ದರಂತೂ ಬೇಡವೇ ಬೇಡ. ಅದರೊಳಗೆ ಉಳಿದಿರುವ ಪ್ರಾಚೀನ ಕಾಂತತ್ವದ ಗುರುತು ಅಳಿಸಿಹೋಗುತ್ತೆ, ಆಮೇಲೆ ಅಧ್ಯಯನಕ್ಕೆ ಸಿಗಲ್ಲ.

ಮುಂಚಿತವಾಗಿ ಒಮ್ಮೆ ಬಂದು ಅಂಗಳದಲ್ಲಿ ನಿಂತು ನೋಡಿ. ಬೆಳಿಗ್ಗೆ ಬಿಸಿಲಿರುವ ಜಾಗಕ್ಕೆ ಮಧ್ಯಾಹ್ನ ಕಟ್ಟಡದ ನೆರಳು ಬೀಳಬಹುದು. ಸ್ಟೆಲೇರಿಯಂ ತಂತ್ರಾಂಶದಲ್ಲಿ ಆ ದಿನಾಂಕ ಹಾಕಿದರೆ ಯಾವ ಹೊತ್ತಿಗೆ ಸೂರ್ಯ ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ ಅಂತ ಗೊತ್ತಾಗುತ್ತೆ. ಟೆಲಿಸ್ಕೋಪ್ ಬಿಸಿಲಲ್ಲಿ, ಸಾಲು ನೆರಳಲ್ಲಿ ಇರುವ ಹಾಗೆ ಜಾಗ ಕೇಳಿ. ಕೊಡ್ತೀವಿ.

ಟೆಲಿಸ್ಕೋಪ್ ಮೂರಿದ್ದರೂ ಎರಡನ್ನೇ ಹೂಡಿ, ಉಳಿದ ಒಬ್ಬರನ್ನು ಸಾಲಿನ ಜೊತೆ ನಿಲ್ಲಿಸಿ. ಕಾಯುವಾಗಲೇ ಏನು ನೋಡಲಿದ್ದೇವೆ, ಕಣ್ಣು ಎಲ್ಲಿಡಬೇಕು, ಕನ್ನಡಕ ತೆಗೆಯಬೇಕೋ ಬೇಡವೋ ಅಂತ ತಿಳಿದುಕೊಂಡು ಬಂದವರಿಗೆ ಅಲ್ಲಿ ಸಿಗುವ ಅರ್ಧ ನಿಮಿಷವೂ ಸಾಕಾಗುತ್ತೆ. ಮತ್ತೆ, ಸಂಜೆ ಚಂದ್ರನನ್ನು ತೋರಿಸುವ ಯೋಚನೆ ಇದ್ದರೆ ಮೊದಲೇ ತಿಳಿಸಿ. ನಮ್ಮ ಕಾವಲುಗಾರರ ಪಾಳಿ ಬದಲಿಸಬೇಕು, ಅಂಗಳದ ದೀಪ ಆರಿಸಲು ಅನುಮತಿ ಬೇಕು. ಅದೇ ದಿನ ಬಂದು ಕೇಳಿದರೆ ಆಗುವ ಕೆಲಸವಲ್ಲ.