ಮೈಲುತುತ್ತ ಕಲಸುವ ಜಾಗದಲ್ಲಿ ಹೂಗಿಡ ಏಕೆ ಏಳುವುದಿಲ್ಲ?

ಪ್ರಶ್ನೆ (ಕೊಡಗಿನ ನಾಪೋಕ್ಲುವಿನ ಬೆಳೆಗಾರರು): ಮೇಡಂ, ನಮ್ಮ ತೋಟದ ನೀರಿನ ತೊಟ್ಟಿಯ ಪಕ್ಕದಲ್ಲಿ ಅಪ್ಪನ ಕಾಲದಿಂದಲೂ ಬೋರ್ಡೋ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟನ್ನು ಸುಣ್ಣದೊಂದಿಗೆ ಕಲಸಿದ ಶಿಲೀಂಧ್ರ ರೋಗದ ಮದ್ದು) ಕಲಸುತ್ತಿದ್ದೇವೆ. ಅಲ್ಲಿ ತುಂಬೆ, ಕರ್ಣಕುಂಡಲ ಹುಟ್ಟಿದರೂ ಗೇಣುದ್ದ ಬೆಳೆದು ನಿಲ್ಲುತ್ತವೆ, ಎಳೆ ಎಲೆಗಳು ಹಳದಿಯಾಗುತ್ತವೆ. ಹತ್ತು ಮಾರು ಆಚೆ ಬರೆಯ (ಮಣ್ಣಿನ ದಿಬ್ಬದ) ತುಂಬ ಹೂವು. ಇದು ತಾಮ್ರದ ಕೆಲಸವೇ? ಇಡೀ ತೋಟಕ್ಕೂ ಇದೇ ಗತಿಯೇ?

ಉತ್ತರ (ಮಣ್ಣು ವಿಜ್ಞಾನಿ): ನೀವು ಹೇಳುವ ಲಕ್ಷಣ ನೋಡಿದರೆ ತಾಮ್ರದ ಮೇಲೆಯೇ ನನ್ನ ಅನುಮಾನ. ಶೇಕಡಾ 1ರ ಬೋರ್ಡೋಗೆ 200 ಲೀಟರಿನ ಬ್ಯಾರಲ್‌ಗೆ 2 ಕಿಲೋ ಮೈಲುತುತ್ತ ಬೇಕು. ಅದರಲ್ಲಿ ಕಾಲು ಭಾಗ, ಅಂದರೆ ಅರ್ಧ ಕಿಲೋ, ಅಪ್ಪಟ ತಾಮ್ರ. ತೋಟಕ್ಕೆ ಹೊಡೆದಾಗ ಅದು ತೆಳ್ಳಗೆ ಹರಡಿಹೋಗುತ್ತದೆ. ಕಲಸುವ ಜಾಗದಲ್ಲಿ ಹಾಗಲ್ಲ: ಚೆಲ್ಲಿದ್ದು, ಬ್ಯಾರಲ್ ತೊಳೆದದ್ದು, ಪಂಪಿನಲ್ಲಿ ಉಳಿದದ್ದು ಎಲ್ಲವೂ ವರ್ಷ ವರ್ಷ ಅದೇ ನಾಲ್ಕು ಮೊಳ ನೆಲಕ್ಕೆ. ತಾಮ್ರ ಕೊಳೆಯುವುದೂ ಇಲ್ಲ, ಆವಿಯಾಗುವುದೂ ಇಲ್ಲ. ಎಲೆಗೊಬ್ಬರದ ಕಪ್ಪು ಮಣ್ಣಿಗೆ ಅಂಟಿಕೊಂಡು ಮೇಲಿನ ಒಂದು ಗೇಣಿನಲ್ಲೇ ಕೂರುತ್ತದೆ. ಬೀಜದಿಂದ ಏಳುವ ಸಣ್ಣ ಗಿಡ ಮೊದಲ ಬೇರು ಇಳಿಸುವುದೂ ಅಲ್ಲಿಯೇ.

ಒಂದು ಕೆಲಸ ಮಾಡಿ. ಅಲ್ಲಿಂದ ಒಂದು ಕರ್ಣಕುಂಡಲ, ಬರೆಯಿಂದ ಒಂದು, ಎರಡನ್ನೂ ಮಣ್ಣು ಸಮೇತ ಎತ್ತಿ ನೀರಿನಲ್ಲಿ ಅಲ್ಲಾಡಿಸಿ ತೊಳೆಯಿರಿ. ಬರೆಯ ಗಿಡದಲ್ಲಿ ಬಿಳಿಯ ಕೂದಲಿನಂಥ ಬೇರುಗಳ ಕುಚ್ಚು ಕಾಣುತ್ತದೆ. ಇನ್ನೊಂದರಲ್ಲಿ ಬೇರು ಮೊಂಡಾಗಿ, ತುದಿ ಕಂದಾಗಿ, ಕವಲೇ ಒಡೆಯದೆ ಇದ್ದರೆ ತಾಮ್ರವೆಂದು ಹೆಚ್ಚುಕಡಿಮೆ ನಂಬಬಹುದು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಆದರೆ ಬೇರು ಕೆಟ್ಟ ಗಿಡಕ್ಕೆ ಅದನ್ನು ಹೀರಿಕೊಳ್ಳಲು ಆಗುವುದಿಲ್ಲ. ಇಂಥ ಗಿಡ ತಡವಾಗಿ ನಾಲ್ಕು ಮೊಗ್ಗು ಬಿಟ್ಟರೆ ಹೆಚ್ಚು. ಬೀಜ ಕಡಿಮೆಯಾದ ಮೇಲೆ ಮುಂದಿನ ಮಳೆಗಾಲಕ್ಕೆ ಅಲ್ಲಿ ಹುಟ್ಟುವ ಗಿಡವೂ ಕಡಿಮೆ.

ಪ್ರಶ್ನೆ (ಮಾದಾಪುರದಿಂದ ಒಬ್ಬರು): ಬೋರ್ಡೋದಲ್ಲೇ ಸುಣ್ಣವಿದೆಯಲ್ಲ ಮೇಡಂ? ಹುಳಿ ಮಣ್ಣಿನಲ್ಲಿ ಮಾತ್ರ ತಾಮ್ರ ಕಾಡುತ್ತದೆ ಎಂದು ಕೇಳಿದ್ದೇನೆ.

ಉತ್ತರ: ಒಳ್ಳೆಯ ತಕರಾರು. ಮೈಲುತುತ್ತದ ಉರಿಯನ್ನು ಅಡಗಿಸಲೆಂದೇ ಅದರಲ್ಲಿ ಸುಣ್ಣ ಇರುವುದು. ಆದರೆ ನಮ್ಮ ಮಳೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಸುಣ್ಣದ ಕ್ಯಾಲ್ಸಿಯಂ ಮಳೆನೀರಿನೊಂದಿಗೆ ವರ್ಷ ವರ್ಷ ಇಳಿದುಹೋಗುತ್ತದೆ, ತಾಮ್ರ ಇದ್ದಲ್ಲಿಯೇ ಇರುತ್ತದೆ. ಮಣ್ಣು ಮತ್ತೆ ಹುಳಿಯಾಗಿ ಪಿಎಚ್ 5.5ಕ್ಕಿಂತ ಕೆಳಗೆ ಬಂದಾಗ ಅಂಟಿಕೊಂಡಿದ್ದ ತಾಮ್ರ ಸ್ವಲ್ಪ ಸ್ವಲ್ಪವೇ ಕಳಚಿಕೊಂಡು ಬೇರಿಗೆ ತಾಗುತ್ತದೆ. ಸುಣ್ಣ ಹಾಕಿದರೆ ತಾಮ್ರ ಮತ್ತೆ ಅಡಗುತ್ತದೆ, ಹೋಗುವುದಿಲ್ಲ. ಹಾಗಾಗಿ ಒಮ್ಮೆ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಪ್ರಶ್ನೆ (ಪೊನ್ನಂಪೇಟೆಯವರು): ಕೈಲ್‌ಪೊಳ್ದ್‌ಗೆ (ಕೊಡವರ ಆಯುಧಪೂಜೆಯ ಹಬ್ಬಕ್ಕೆ) ಕೋವಿಗೆ ಸಿಕ್ಕಿಸಲು ತೋಕ್ ಪೂ (ಅಗ್ನಿಶಿಖೆ ಹೂ) ಹುಡುಕಿಕೊಂಡು ಅಲೆಯಬೇಕಾಗಿದೆ. ಇದಕ್ಕೂ ಲೋಹವೇ ಕಾರಣವೇ?

ಉತ್ತರ: ನನಗೆ ಹಾಗೆ ಅನಿಸುವುದಿಲ್ಲ. ಎಲ್ಲದಕ್ಕೂ ತಾಮ್ರವನ್ನು ದೂರಿದರೆ ನಿಜವಾದ ಕಾರಣ ತಪ್ಪಿಸಿಕೊಳ್ಳುತ್ತದೆ. ತೋಕ್ ಪೂ ಗೆಡ್ಡೆಯಿಂದ ಏಳುವ ಬಳ್ಳಿ. ಔಷಧಿಗೆಂದು ಅದರ ಗೆಡ್ಡೆ ಅಗೆಯುತ್ತಾರೆ, ಬೀಜ ಕೀಳುತ್ತಾರೆ. ನಾವು ಬೇಲಿಸಾಲಿಗೂ ಕಳೆನಾಶಕ ಹೊಡೆಯುತ್ತೇವೆ, ಇಲ್ಲವೇ ಕಾಯಿ ಬಲಿಯುವ ಮೊದಲೇ ಯಂತ್ರದಿಂದ ಸವರುತ್ತೇವೆ. ಬೇಲಿಯ ಬುಡವನ್ನು ಕಾಯಿ ಒಡೆಯುವವರೆಗೆ ಬಿಟ್ಟು ನೋಡಿ.

ಪ್ರಶ್ನೆ (ಜೇನು ಸಾಕುವವರು, ವಿರಾಜಪೇಟೆ): ಮಣ್ಣಿನ ತಾಮ್ರ ಹೂವಿನ ಮೂಲಕ ಜೇನಿಗೆ ಬರುತ್ತದೆಯೇ?

ಉತ್ತರ: ಹೆಚ್ಚಿನ ಗಿಡಗಳು ತಾಮ್ರವನ್ನು ಬೇರಿನಲ್ಲೇ ತಡೆದಿಡುತ್ತವೆ, ಹೂವಿನವರೆಗೆ ಹೋಗುವುದು ಅಲ್ಪ. ನಿಕ್ಕಲ್ ಎಂಬ ಲೋಹದ ಗುಣ ಬೇರೆ. ಅದು ಕೆಲವು ಗಿಡಗಳ ಮಕರಂದಕ್ಕೂ ಏರುತ್ತದೆ, ದುಂಬಿಗಳು ಅಂಥ ಹೂವಿನ ಮೇಲೆ ಹೆಚ್ಚು ಹೊತ್ತು ಕೂರುವುದಿಲ್ಲ. ರಾಕ್ ಫಾಸ್ಫೇಟ್ ಗೊಬ್ಬರದೊಂದಿಗೆ ತುಸು ಬರುವ ಕ್ಯಾಡ್ಮಿಯಂ ಲೋಹ ಕೂಡ ತಾಮ್ರಕ್ಕಿಂತ ಸುಲಭವಾಗಿ ಎಲೆಗೆ ಹತ್ತುತ್ತದೆ. ನಿಮ್ಮ ಪೆಟ್ಟಿಗೆಗಳ ಮಟ್ಟಿಗೆ ನನಗಿರುವ ಚಿಂತೆ ಅರಳಿದ ಹೂವಿನ ಮೇಲೆ ನೇರವಾಗಿ ಬೀಳುವ ಮದ್ದು. ಮೆಣಸಿನ ಬಳ್ಳಿಗೆ ಹೊಡೆಯುವಾಗ ಕೆಳಗಿನ ತುಂಬೆಯ ಮೇಲೆ ಸುರಿಯದಂತೆ ನೋಡಿಕೊಳ್ಳಲು ಹೇಳಿ.

ಪ್ರಶ್ನೆ (ನಾಪೋಕ್ಲುವಿನವರೇ): ಬೇರು ತೊಳೆದು ನೋಡಿದೆ, ನೀವು ಹೇಳಿದ ಹಾಗೆಯೇ ಮೊಂಡು. ಕಲಸುವ ಜಾಗ ಬದಲಿಸಲೇ?

ಉತ್ತರ: ಬೇಡ, ಇನ್ನೊಂದು ಜಾಗವೂ ಕೆಡುತ್ತದೆ. ಅಲ್ಲಿಯೇ ಅಂಚು ಕಟ್ಟಿದ ಸಿಮೆಂಟ್ ನೆಲ ಮಾಡಿಸಿ. ಬ್ಯಾರಲ್ ತೊಳೆದ ನೀರನ್ನು ತೋಡಿಗೆ ಬಿಡಬೇಡಿ, ಮುಂದಿನ ಬ್ಯಾರಲ್‌ಗೇ ಸುರಿಯಿರಿ. ಸುತ್ತಲಿನ ಮಣ್ಣಿಗೆ ಸುಣ್ಣ, ಕಾಂಪೋಸ್ಟ್ ಕೊಡಿ, ಆದರೆ ಅದಕ್ಕೂ ಮೊದಲು ಪರೀಕ್ಷೆ ಆಗಲಿ. ಆ ಜಾಗದ ಮಣ್ಣನ್ನು ತೋಟದ ಮಣ್ಣಿನೊಂದಿಗೆ ಬೆರೆಸದೆ ಬೇರೆ ಚೀಲದಲ್ಲಿ ಕಟ್ಟಿ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ. ಪಿಎಚ್ ಜೊತೆಗೆ ತಾಮ್ರವನ್ನೂ ನೋಡಬೇಕೆಂದು ಚೀಟಿಯಲ್ಲಿ ಬರೆಯಿರಿ. ಕೇಳದಿದ್ದರೆ ಸಾರಜನಕ, ರಂಜಕ, ಪೊಟ್ಯಾಷ್‌ನ ಫಲಿತಾಂಶವಷ್ಟೇ ಕೈಗೆ ಬಂದೀತು.