ಲ್ಯಾಪ್‌ಟಾಪ್ ಬಿತ್ತು, ಅಪ್ಪನ ಫೈಲ್‌ಗಳು ಸಿಗುತ್ತವಾ?

ಪ್ರಶ್ನೆ, ಮಂಡ್ಯದಿಂದ

ಅಪ್ಪ ನಿವೃತ್ತ ಮೇಷ್ಟ್ರು. ನಮ್ಮೂರ ಹೆಂಗಸರು ಹೇಳುವ ಸೋಬಾನೆ ಪದಗಳನ್ನು ಆರು ವರ್ಷದಿಂದ ‘ನುಡಿ’ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. ಎಲ್ಲಾ ಒಂದೇ ಹಳೇ ಲ್ಯಾಪ್‌ಟಾಪ್‌ನಲ್ಲಿ, ಬೇರೆ ಕಾಪಿ ಇಲ್ಲ. ಮೊನ್ನೆ ಅದು ಆನ್ ಇದ್ದಾಗಲೇ ಮಂಚದಿಂದ ಬಿತ್ತು. ಪರದೆ ಒಡೆದಿದೆ, ವಿಂಡೋಸ್ ಬರುತ್ತಿಲ್ಲ. ಅಂಗಡಿಯವರು ‘ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ’ ಅಂದರು. ಹಳೇದರಲ್ಲಿ ಇರೋದನ್ನ ತೆಗೆಯೋಕೆ ಆಗಲ್ವಾ? ಅನುಭವ ಇದ್ದವರು ಹೇಳಿ.

ಮೈಸೂರು, ಕುವೆಂಪುನಗರದಿಂದ

ಮೊದಲು ಅದನ್ನು ಆನ್ ಮಾಡುವುದು ನಿಲ್ಲಿಸಿ. ‘ಈಗ ಬಂತಾ ನೋಡೋಣ’ ಅಂತ ದಿನಕ್ಕೆ ಹತ್ತು ಸಲ ಬಟನ್ ಒತ್ತುತ್ತೇವಲ್ಲ, ಜಾಸ್ತಿ ಕೆಡುವುದು ಅಲ್ಲೇ. ಹಳೇ ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತವೆ. ಓದುವ ಹೆಡ್ ಅದಕ್ಕೆ ತಾಕದೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಓಡುತ್ತಿದ್ದಾಗ ಬಿದ್ದರೆ ಹೆಡ್ ಹೋಗಿ ತಟ್ಟೆಗೆ ಬಡಿದಿರಬಹುದು. ಆಮೇಲೆ ಪ್ರತಿ ಸಲ ಆನ್ ಮಾಡಿದಾಗಲೂ ಗೀರುತ್ತದೆ. ಗೀರಿದ ಜಾಗದಲ್ಲಿದ್ದದ್ದು ಯಾರಿಂದಲೂ ವಾಪಸ್ ಬರುವುದಿಲ್ಲ.

ಆದರೆ ಲ್ಯಾಪ್‌ಟಾಪ್ ಕೆಟ್ಟ ಮಾತ್ರಕ್ಕೆ ಡಿಸ್ಕ್ ಕೆಟ್ಟಿದೆ ಅಂತಲ್ಲ. ನಮ್ಮನೆಯಲ್ಲಿ ಒಂದು ಲೋಟ ಫಿಲ್ಟರ್ ಕಾಫಿ ಕೀಬೋರ್ಡ್ ಮೇಲೆ ಚೆಲ್ಲಿ ಬೋರ್ಡ್ ಸುಟ್ಟಿತ್ತು. ಎಲ್ಲಾ ಹೋಯ್ತು ಅಂದುಕೊಂಡಿದ್ದೆ. ಹಿಂದಿನ ಮುಚ್ಚಳ ತೆಗೆದು, ಸಣ್ಣ ಸ್ಕ್ರೂ ಬಿಚ್ಚಿ, 2.5 ಇಂಚಿನ ಡಿಸ್ಕನ್ನು ಸಾಟಾ-ಯುಎಸ್‌ಬಿ ಕೇಬಲ್‌ನಿಂದ ತಮ್ಮನ ಲ್ಯಾಪ್‌ಟಾಪಿಗೆ ಹಾಕಿದರೆ ಒಂದು ಫೋಟೋನೂ ಹೋಗಿರಲಿಲ್ಲ. ಕಾಫಿ ವಾಸನೆ ಮಾತ್ರ ಇತ್ತು. ವಿಂಡೋಸ್ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ ಹೆದರಬೇಡಿ. ಆ 48 ಅಂಕಿಯ ಕೀ ಸಾಮಾನ್ಯವಾಗಿ ಅದೇ ಲ್ಯಾಪ್‌ಟಾಪಿನ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ.

ನಿಮ್ಮ ಡಿಸ್ಕ್ ಹಾಕಿದಾಗ ಕಿವಿಗೊಟ್ಟು ಕೇಳಿ. ಸುಮ್ನೆ ಗುಂಯ್ ಅಂದರೆ ಆಸೆ ಇದೆ. ಟಕ್, ಟಕ್, ಟಕ್ ಅಂತ ಒಂದೇ ಲಯದಲ್ಲಿ ಹೊಡೆದುಕೊಂಡರೆ ತಕ್ಷಣ ಕಿತ್ತುಬಿಡಿ. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಧೂಳಿಲ್ಲದ ಕ್ಲೀನ್ ರೂಮ್ ಇರುವ ರಿಕವರಿ ಲ್ಯಾಬೇ ಬೇಕು, ಅವರು ಸಾವಿರಗಟ್ಟಲೆ ಕೇಳುತ್ತಾರೆ.

ಮಂಡ್ಯ, ನೂರಡಿ ರಸ್ತೆಯಿಂದ

ನಾನು ಮಾಡಿದ ದಡ್ಡತನ ನೀವು ಮಾಡಬೇಡಿ ಅಕ್ಕ. ಡಿಸ್ಕ್ ಹಾಕಿದ ಕೂಡಲೇ ವಿಂಡೋಸ್ ‘ಫಾರ್ಮ್ಯಾಟ್ ಮಾಡಲಾ’ ಅಂತ ಕೇಳಿತು, ಹೂಂ ಅಂದುಬಿಟ್ಟೆ. ಆಮೇಲೆ ಫೋಟೋರೆಕ್ ಅನ್ನೋ ಉಚಿತ ತಂತ್ರಾಂಶ ಓಡಿಸಿದೆವು. ಫೈಲ್ ಸಿಕ್ಕವು, ಹೆಸರು ಒಂದಕ್ಕೂ ಇಲ್ಲ! ಎಲ್ಲಾ ಎಫ್ ಅಕ್ಷರ, ಮುಂದೆ ಬರೀ ಅಂಕಿ. ತಂಗಿ ಮದುವೆ ಫೋಟೋ ಹುಡುಕೋಕೆ ದಸರಾ ರಜೆಯೆಲ್ಲಾ ಹೋಯ್ತು. ಡಿಸ್ಕ್ ದೋಷ ಸರಿಮಾಡೋ ವಿಂಡೋಸ್‌ನ ಚೆಕ್ ಡಿಸ್ಕ್ ಕೂಡ ಓಡಿಸಬೇಡಿ. ಅದು ಡಿಸ್ಕ್ ಮೇಲೇ ಬರೆಯುತ್ತೆ.

ಮೈಸೂರು, ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿ

ಟಕ್ ಟಕ್ ಇಲ್ಲದಿದ್ದರೆ ನನ್ನ ದಾರಿ ಇದು. ಕೆಟ್ಟ ಡಿಸ್ಕಿನಿಂದ ನೇರವಾಗಿ ಫೈಲ್ ಎಳೆಯಬೇಡಿ, ಇಡೀ ಡಿಸ್ಕಿನ ನಕಲು ಮಾಡಿ. ವಿಂಡೋಸ್ ಬದಲು ಲಿನಕ್ಸ್ ಇರುವ ಪೆನ್ ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ, ಜಿಎನ್‌ಯು ಡಿಡಿ-ರೆಸ್ಕ್ಯೂ ಅನ್ನೋ ನಕಲು ತಂತ್ರಾಂಶ ಬಳಸಿ. ಅದರ ಜಾಣತನ ಏನಂದರೆ, ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಓದಿಕೊಂಡುಬಿಡುತ್ತದೆ, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿವರೆಗೆ ಓದಿದೆ ಅಂತ ಬರೆದಿಟ್ಟುಕೊಳ್ಳುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಹೊಸ ಡಿಸ್ಕ್ ಹಳೇದರಷ್ಟು ಅಥವಾ ಅದಕ್ಕಿಂತ ದೊಡ್ಡದಿರಬೇಕು. ಯಾವುದರಿಂದ ಯಾವುದಕ್ಕೆ ಅನ್ನೋದನ್ನ ಎರಡು ಸಲ ನೋಡಿ. ಉಲ್ಟಾ ಕೊಟ್ಟರೆ ಖಾಲಿ ಡಿಸ್ಕ್ ಹೋಗಿ ಅಪ್ಪನ ಪದಗಳ ಮೇಲೆ ಕೂರುತ್ತದೆ.

ಇನ್ನೊಂದು ಮಾತು, ಇದನ್ನು ಬೇರೆ ಯಾರೂ ಹೇಳಲ್ಲ. ನುಡಿ, ‘ಬರಹ’ ತಂತ್ರಾಂಶಗಳ ಹಳೇ ಫೈಲ್‌ಗಳು ಯುನಿಕೋಡ್ (ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಗೆರೆ, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ನನ್ನ ಗೆಳೆಯ ಅಂಥ ನಲವತ್ತು ಫೈಲ್‌ಗಳನ್ನು ‘ಕೆಟ್ಟುಹೋಗಿವೆ’ ಅಂತ ಅಳಿಸುತ್ತಾ ಕೂತಿದ್ದ, ನಾನು ಹೋಗಿ ಕೈ ಹಿಡಿದೆ. ನುಡಿ ಫಾಂಟ್ ಹಾಕಿದರೆ ಕನ್ನಡ ಎದ್ದು ಬರುತ್ತದೆ. ಕನ್ನಡ ಪದ ಕೊಟ್ಟು ಹುಡುಕಿದರೂ ಅವು ಸಿಗಲ್ಲ, ಕಣ್ಣಲ್ಲೇ ಹುಡುಕಬೇಕು.

ಮೈಸೂರು, ಸರಸ್ವತಿಪುರಂನಿಂದ

ಫ್ರೀಜರ್‌ನಲ್ಲಿ ಇಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹೊರಗೆ ತೆಗೆದಾಗ ಒಳಗೆ ನೀರು ಕಟ್ಟುತ್ತೆ. ಡಿಸ್ಕ್ ಬದಲು ತಿರುಗೋ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಇದ್ದರೆ ಈ ಶಬ್ದದ ಲೆಕ್ಕವೆಲ್ಲ ಬರಲ್ಲ, ಅದು ಸದ್ದಿಲ್ಲದೆ ಸಾಯುತ್ತೆ. ಅದರಲ್ಲಿ ಅಳಿಸಿದ್ದು ವಾಪಸ್ ಸಿಗೋದೂ ಕಷ್ಟ. ಅಂದಹಾಗೆ ಅಪ್ಪ ಯಾರಿಗಾದರೂ ಮೇಲ್ ಮಾಡಿದ್ದರಾ? ಸೆಂಟ್ ಫೋಲ್ಡರ್ ನೋಡಿದಿರಾ?

ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಸೆಂಟ್ ಫೋಲ್ಡರ್‌ನಲ್ಲಿ ಮೂರು ಫೈಲ್ ಸಿಕ್ಕವು, ಅಷ್ಟೇ. ಡಿಸ್ಕ್ ಹೊರಗೆ ತೆಗೆಸಿದೆ. ಗುಂಯ್ ಅಂತಷ್ಟೇ ಸದ್ದು ಬಂತು. ಚಿಕ್ಕಪ್ಪನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನೇ ಡಿಡಿ-ರೆಸ್ಕ್ಯೂ ಓಡಿಸಿದ. 500 ಜಿಬಿಗೆ ಒಂದು ರಾತ್ರಿ, ಒಂದು ಹಗಲು ಹಿಡಿಯಿತು. ನಡುವೆ ಎರಡು ಸಲ ಕರೆಂಟ್ ಹೋಯ್ತು, ಮತ್ತೆ ಅಲ್ಲಿಂದಲೇ ಶುರುವಾಯ್ತು. ಒಂದಿಷ್ಟು ಜಾಗ ಓದೋಕೆ ಆಗಲೇ ಇಲ್ಲ. ಅದರಲ್ಲಿ ಏನಿತ್ತೋ ಅಪ್ಪನೇ ನೋಡಿ ಹೇಳಬೇಕು.

ಸೋಬಾನೆ ಫೋಲ್ಡರ್ ಸಿಕ್ಕಿತು. ತೆರೆದರೆ ನೀವು ಹೇಳಿದ ಅದೇ ಚಿತ್ರಾನ್ನ. ಮೊದಲೇ ಹೇಳಿರದಿದ್ದರೆ ನಾನೂ ಅಳುತ್ತಿದ್ದೆ. ನುಡಿ ಹಾಕಿ ಅಪ್ಪನನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿ ಒಂದು ಪುಟ ಪೂರ್ತಿ ಓದಿದರು. ಪೆನ್ ಡ್ರೈವ್‌ಗೂ ಹಾಕಿದ್ದೀನಿ, ಗೂಗಲ್ ಡ್ರೈವ್‌ಗೂ ಹಾಕಿದ್ದೀನಿ ಅಂತ ಹೇಳಿದೆ. ‘ಅದೆಲ್ಲಾ ಇರ್ಲಿ, ಮೊದ್ಲು ಪ್ರಿಂಟ್ ತೆಗೆಸ್ಕೊಂಡ್ ಬಾ’ ಅಂದರು. ಈಗ ಜೆರಾಕ್ಸ್ ಅಂಗಡಿ ಮುಂದೆ ನಿಂತಿದ್ದೀನಿ. ಅವರ ಕಂಪ್ಯೂಟರ್‌ನಲ್ಲಿ ನುಡಿ ಇಲ್ಲವಂತೆ.