ಅರ್ಧ ನೆರಳಿನ ಅಂಗಳಕ್ಕೆ ಚಿಟ್ಟೆ ಬರಬೇಕು ಅಂದ್ರೆ ಏನು ಹಾಕಬೇಕು?

ಕೇಳಿದ್ದು, ಬೆಂಗಳೂರಿನಿಂದ

ಮನೆ ಮುಂದೆ 18 ಅಡಿ ಉದ್ದ, 6 ಅಡಿ ಅಗಲದ ಮಣ್ಣಿನ ಜಾಗ ಇದೆ. ರಸ್ತೆಯಲ್ಲಿ ದೊಡ್ಡ ಹೊಂಗೆ ಮರ. ಬೆಳಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ ಒಂದು ಮೂಲೆಗೆ ಮಾತ್ರ ಚೆನ್ನಾಗಿ ಬಿಸಿಲು ಬೀಳುತ್ತದೆ, ಆಮೇಲೆ ಎಲೆ ಸಂದಿಯಿಂದ ಚುಕ್ಕಿ ಚುಕ್ಕಿ ಬಿಸಿಲು ಅಷ್ಟೇ. ಮಗಳಿಗೆ ಚಿಟ್ಟೆ ಹುಚ್ಚು. ಅವಳಿಗೋಸ್ಕರ ಹೋದ ವರ್ಷ ಚೆಂಡು ಹೂ, ಗುಲಾಬಿ, ದಾಸವಾಳ ಎಲ್ಲ ತಂದು ಹಾಕಿದೆ. ಚೆಂಡು ಹೂವಿನ ಗಿಡ ಬಿಸಿಲಿಲ್ಲದೆ ಉದ್ದುದ್ದ ಬೆಳೆದು ಮಲಗಿತು, ಗುಲಾಬಿಗೆ ಕಪ್ಪು ಚುಕ್ಕೆ ಬಂತು, ಚಿಟ್ಟೆ ಬಂದದ್ದು ಇಡೀ ಮಳೆಗಾಲದಲ್ಲಿ ಮೂರೋ ನಾಲ್ಕೋ. ನೆರಳಲ್ಲಿ ಇದು ಆಗುವ ಕೆಲಸವೇ ಅಲ್ವಾ, ಇಲ್ಲ ನಾನು ಗಿಡ ಆರಿಸಿದ್ದೇ ತಪ್ಪಾ? ನೆರಳಿದ್ದೂ ಚಿಟ್ಟೆ ಬರುವ ಮನೆಯವರು ಯಾರಾದರೂ ಇದ್ದರೆ ಹೇಳಿ.

ಮೈಸೂರಿನಿಂದ

ಆಗುತ್ತದೆ. ನಮ್ಮದು ನಿಮಗಿಂತ ಕತ್ತಲೆ ಅಂಗಳ, ಒಂದು ಕಡೆ ಪಕ್ಕದವರ ಮೂರು ಮಹಡಿ, ಇನ್ನೊಂದು ಕಡೆ ಸಂಪಿಗೆ ಮರ. ನಾನೂ ನಿಮ್ಮ ಹಾಗೇ ಹೂವಿನ ಹಿಂದೆ ಬಿದ್ದು ಎರಡು ವರ್ಷ ದುಡ್ಡು ಕಳೆದುಕೊಂಡೆ.

ಚಿಟ್ಟೆ ಹೂವಿಗೆ ಬಂದರೆ ಕುಡಿದು ಹೋಗುತ್ತದೆ. ಮೊಟ್ಟೆ ಇಡುವ ಎಲೆ ಇದ್ದರೆ ಮಾತ್ರ ನಿಮ್ಮ ಮನೆ ಅದಕ್ಕೆ ತವರು. ಯಾವ ಚಿಟ್ಟೆಯೂ ಸಿಕ್ಕ ಸಿಕ್ಕ ಗಿಡದಲ್ಲಿ ಮೊಟ್ಟೆ ಇಡುವುದಿಲ್ಲ, ಒಂದೊಂದಕ್ಕೆ ತನ್ನದೇ ಆದ ಕೆಲವು ಜಾತಿಯ ಗಿಡವೇ ಆಗಬೇಕು, ಯಾಕೆಂದರೆ ಅದರ ಹುಳ ಬೇರೆ ಎಲೆ ತಿನ್ನುವುದಿಲ್ಲ. ಮತ್ತೆ ಎಲೆಗೆ ಹೂವಿನಷ್ಟು ಬಿಸಿಲು ಬೇಕಿಲ್ಲ! ನಿಮ್ಮ ತೊಂದರೆಗೆ ಉತ್ತರ ಅಲ್ಲೇ ಇದೆ.

ಮೊದಲು ಕರಿಬೇವು. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಆಶ್ಚರ್ಯ. ಅದನ್ನು ಬಿಸಿಲಿನ ಮೂಲೆಯ ಅಂಚಿಗೆ ಹಾಕಿ, ನೆರಳಲ್ಲಿ ಸ್ವಲ್ಪ ನಿಧಾನ ಬೆಳೆಯುತ್ತದೆ ಅಷ್ಟೇ. ಕಾಮನ್ ಮಾರ್ಮನ್ ಅಂತ ಕಪ್ಪು ಚಿಟ್ಟೆ, ಹಿಂದಿನ ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳ ಸಾಲು, ಅದು ನೆರಳಲ್ಲೇ ಓಡಾಡುತ್ತದೆ, ಕರಿಬೇವು ಇದ್ದರೆ ಬಂದೇ ಬರುತ್ತದೆ. ಹೆಣ್ಣು ಬಂದು ಎಲೆಯನ್ನು ಮುಂಗಾಲಿನಿಂದ ಪಟಪಟ ತಟ್ಟುತ್ತದೆ. ಅದು ರುಚಿ ನೋಡುವ ರೀತಿ, ಕಾಲಿನಲ್ಲೇ ನಾಲಿಗೆ. ಆಮೇಲೆ ಎಳೆ ಎಲೆಗೆ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಹುಳ ಚಿಕ್ಕದಿದ್ದಾಗ ಹಕ್ಕಿ ಪಿಕ್ಕೆ ಹಾಕಿದ ಹಾಗೇ ಕಾಣುತ್ತದೆ, ನನ್ನ ಹೆಂಡತಿ ಎಷ್ಟು ಸಲ ನೀರು ಹೊಡೆದು ತೊಳೆದಿದ್ದಾಳೋ! ದೊಡ್ಡದಾದರೆ ಹಸಿರು. ಕೆಣಕಿದರೆ ತಲೆ ಹಿಂದಿನಿಂದ ಕೆಂಪು ಕವೆ ಹೊರಗೆ ಹಾಕಿ ಕೆಟ್ಟ ವಾಸನೆ ಬಿಡುತ್ತದೆ, ಕಚ್ಚುವುದಿಲ್ಲ. ಮಗಳಿಗೆ ತೋರಿಸಿ, ಖುಷಿಪಡುತ್ತಾಳೆ. ಮೊಟ್ಟೆಯಿಂದ ಚಿಟ್ಟೆವರೆಗೆ ಹೆಚ್ಚು ಕಮ್ಮಿ ಒಂದು ತಿಂಗಳು.

ಎರಡು ಗಿಡ ಹಾಕಿ, ಒಂದು ಒಗ್ಗರಣೆಗೆ, ಒಂದು ಹುಳಕ್ಕೆ. ಒಂದೇ ಇದ್ದರೆ ಮನೆಯಲ್ಲಿ ಜಗಳ ಗ್ಯಾರಂಟಿ.

ಸಂಪಿಗೆಯಲ್ಲಿ ನಮಗೆ ಟೇಲ್ಡ್ ಜೇ ಬರುತ್ತದೆ, ಕಪ್ಪು ಮೈ ಮೇಲೆ ಗಿಳಿಹಸಿರು ಚುಕ್ಕೆ, ಒಂದು ಕಡೆ ನಿಲ್ಲುವ ಜಾತಿ ಅಲ್ಲ. ಸೀತಾಫಲದಲ್ಲೂ ಅದು ಮೊಟ್ಟೆ ಇಡುತ್ತದೆ. ನಿಮ್ಮ 6 ಅಡಿಗೆ ಸಂಪಿಗೆ ಬೇಡ ಬಿಡಿ.

ತೀರ್ಥಹಳ್ಳಿ ಕಡೆಯಿಂದ

ಮೈಸೂರಿನವರು ಹೂವನ್ನು ಪೂರ್ತಿ ತಳ್ಳಿಹಾಕಿದರು, ಅಷ್ಟು ಒಪ್ಪುವುದಿಲ್ಲ. ನೆರಳಲ್ಲಿ ಅರಳುವ ಹೂವು ಬೇಕಾದಷ್ಟಿವೆ, ನರ್ಸರಿಯವರು ಅದನ್ನು ಮಾರುವುದಿಲ್ಲ ಅಷ್ಟೇ. ನಮ್ಮ ಕಡೆ ಬ್ಯಾಣದಲ್ಲಿ, ಕಾಡಿನ ಅಂಚಿನಲ್ಲಿ ಕೇಪಳ ತಾನಾಗಿ ಬೆಳೆಯುತ್ತದೆ, ಕೆಂಪು ಗೊಂಚಲು. ರಥದ ಹೂವೂ ಹಾಗೇ, ತೇರಿನ ಹಾಗೆ ಅಂತಸ್ತು ಅಂತಸ್ತಾಗಿ ಅರಳುತ್ತದೆ, ಅಡಿಕೆ ತೋಟದ ನೆರಳು ಸಾಕು ಅದಕ್ಕೆ. ದೊಡ್ಡ ರೆಕ್ಕೆಯ ಚಿಟ್ಟೆಗಳೆಲ್ಲ ಇವೆರಡಕ್ಕೆ ಬರುತ್ತವೆ. ಆದರೆ ರಥದ ಹೂವು ಬೇರಿನಿಂದ ಮರಿ ಹಾಕಿಕೊಂಡು ಹಬ್ಬುತ್ತದೆ, ನಿಮ್ಮಂಥ ಸಣ್ಣ ಜಾಗದಲ್ಲಿ ದೊಡ್ಡ ಕುಂಡದಲ್ಲೇ ಇಡಿ.

ಬಳ್ಳಿಗೆ ಜಾಗ ಇದ್ದರೆ ಈಶ್ವರಿ ಬಳ್ಳಿ. ಹೊಂಗೆ ಮರದ ಬುಡಕ್ಕೇ ಹಬ್ಬಿಸಬಹುದು. ನಮ್ಮ ರಾಜ್ಯದ ಚಿಟ್ಟೆ ಅಂತಾರಲ್ಲ ಸದರ್ನ್ ಬರ್ಡ್‌ವಿಂಗ್, ಕಪ್ಪು ಹಳದಿ, ರೆಕ್ಕೆ ಬಿಚ್ಚಿದರೆ ಒಂದು ಗೇಣಿಗೆ ಸ್ವಲ್ಪ ಕಮ್ಮಿ, ಅದರ ಹುಳ ತಿನ್ನುವುದು ಈ ಬಳ್ಳಿಯನ್ನೇ. ನಿಮ್ಮ ಊರಿನ ನಡುವೆ ಅದನ್ನು ಕಾಯುತ್ತಾ ಕೂರಬೇಡಿ, ಆದರೆ ಅದೇ ಬಳ್ಳಿಗೆ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಎರಡೂ ಬರುತ್ತವೆ, ಅವು ಬೆಂಗಳೂರಲ್ಲಿ ಇವೆ. ಒಂದು ಬಳ್ಳಿ ಸಾಲುವುದಿಲ್ಲ. ಹುಳಗಳು ಎಲೆ ಮುಗಿಸಿ ಕಾಂಡಕ್ಕೂ ಬಾಯಿ ಹಾಕುತ್ತವೆ, ನಮ್ಮ ಮೊದಲ ಬಳ್ಳಿ ಒಂದೇ ವಾರದಲ್ಲಿ ಬೋಳಾಗಿ ಹೋಯಿತು. ಬೇರಿಂದ ಮತ್ತೆ ಚಿಗುರಿತು, ಅದು ಬೇರೆ ಮಾತು.

ಉಡುಪಿಯಿಂದ

ಮೇಲಿನವರು ಹೇಳಿದ ಈಶ್ವರಿ ಬಳ್ಳಿ ಬಗ್ಗೆ ಒಂದು ಮಾತು, ಮಗು ಇರುವ ಮನೆ ಅಂತ. ಅದನ್ನು ಹಾವಿನ ವಿಷಕ್ಕೆ ಔಷಧ ಅಂತ ಹಿಂದೆ ಕೊಡುತ್ತಿದ್ದರು, ಯಾರೂ ಬಾಯಿಗೆ ಹಾಕಬೇಡಿ, ಕಿಡ್ನಿಗೆ ಹಾನಿ ಮಾಡುವ ಅಂಶ ಅದರಲ್ಲಿದೆ. ಚಿಟ್ಟೆಯ ಹುಳ ಆ ವಿಷವನ್ನೇ ಮೈಯಲ್ಲಿಟ್ಟುಕೊಂಡು ಹಕ್ಕಿಗಳಿಂದ ಬಚಾವಾಗುತ್ತದೆ. ಕಣಗಿಲೆಯೂ ವಿಷವೇ. ಮುಟ್ಟಿದ ಮೇಲೆ ಕೈ ತೊಳೆಯಬೇಕು ಅಂತ ಮಗಳಿಗೆ ಕಲಿಸಿ, ಹೆದರಿಸಬೇಡಿ. ಕಣಗಿಲೆಗೆ ಕಾಮನ್ ಕ್ರೋ ಬರುತ್ತದೆ, ಅದರ ಗೂಡು ಬೆಳ್ಳಿ ಲೋಟ ತಿಕ್ಕಿಟ್ಟ ಹಾಗೆ ಹೊಳೆಯುತ್ತದೆ. ಅದನ್ನೊಮ್ಮೆ ನೋಡಿದರೆ ಸಾಕು, ಹುಳ ಎಲೆ ತಿಂದದ್ದೆಲ್ಲ ಮಾಫಿ!

ಇನ್ನೊಂದು, ಎಲ್ಲ ಚಿಟ್ಟೆಯೂ ಹೂವಿಗೆ ಬರುವುದಿಲ್ಲ. ನೆರಳಿನ ಚಿಟ್ಟೆಗಳಲ್ಲಿ ಜಾಸ್ತಿ ಕೊಳೆತ ಹಣ್ಣಿಗೆ ಬರುವವು. ನಾನು ಮಾಡುವುದು ಇಷ್ಟೇ: ಕಪ್ಪಾದ ಬಾಳೆಹಣ್ಣು, ಅನಾನಸ್ ಸಿಪ್ಪೆ, ಹಲಸಿನ ಕಾಲದಲ್ಲಿ ಹಲಸಿನ ಗುಜ್ಜು, ಒಂದು ತಟ್ಟೆಯಲ್ಲಿ ಹಾಕಿ ಅದನ್ನು ನೀರಿನ ತಟ್ಟೆ ನಡುವೆ ಇಡುತ್ತೇನೆ, ಇಲ್ಲದಿದ್ದರೆ ಇರುವೆ. ಕಾಮನ್ ಬ್ಯಾರನ್ ಬರುತ್ತದೆ, ಸಂಜೆ ಮಬ್ಬಾದ ಮೇಲೆ ಒಣಗಿದ ಎಲೆ ಹಾಗಿರುವ ಈವ್ನಿಂಗ್ ಬ್ರೌನ್ ಬರುತ್ತದೆ. ಬ್ಯಾರನ್ ಹುಳ ಇರುವುದು ಮಾವಿನ ಎಲೆ ಮೇಲೆ, ಎಲೆಯ ನಡು ನರಕ್ಕೆ ಸರಿಯಾಗಿ ಬೆನ್ನು ಹೊಂದಿಸಿ ಮಲಗುತ್ತದೆ, ಎದುರಿಗೇ ಇದ್ದರೂ ಕಾಣುವುದಿಲ್ಲ.

ಅರಿಶಿನದ ನಾಲ್ಕು ಗೆಡ್ಡೆ ಹೂತಿಡಿ. ನೆರಳು ಅಂದ್ರೆ ಅದಕ್ಕೆ ಇಷ್ಟ. ಎಲೆ ಅಂಚು ಮಡಚಿ ಹೊಲಿದ ಹಾಗಿದ್ದರೆ ಒಳಗೆ ಗ್ರಾಸ್ ಡೀಮನ್ ಹುಳ ಇದೆ ಅಂತ ಅರ್ಥ. ಉಳಿದ ಎಲೆಯಲ್ಲಿ ಪತೋಳಿ ಮಾಡಿ.

ಧಾರವಾಡದಿಂದ

ನಮ್ಮ ಪಾತರಗಿತ್ತಿಗಳಿಗೆ ನೆರಳಿನ ಚಿಂತೆ ಇಲ್ಲ, ಇಲ್ಲಿ ಬಿಸಿಲೇ ಜಾಸ್ತಿ. ಆದರೂ ನಿಮ್ಮ ಆ ಎರಡೂವರೆ ತಾಸಿನ ಮೂಲೆ ಇದೆಯಲ್ಲ, ಅದನ್ನು ಗಿಡಗಳಿಂದ ತುಂಬಿಬಿಡಬೇಡಿ. ಅಲ್ಲಿ ಒಂದು ಚಪ್ಪಟೆ ಕಲ್ಲು ಇಡಿ. ಬೆಳಗ್ಗೆ ರೆಕ್ಕೆ ಕಾಯಿಸಿಕೊಳ್ಳದೆ ಚಿಟ್ಟೆ ಹಾರಲಾರದು, ಅದರ ಮೈಗೆ ತನ್ನದೇ ಬಿಸಿ ಸಾಲದು. ಪಕ್ಕದಲ್ಲಿ ಒಂದು ಬೋಗುಣಿಯಲ್ಲಿ ಒದ್ದೆ ಮರಳು, ಒಂದು ಚಿಟಿಕೆ ಉಪ್ಪು. ಗಂಡು ಚಿಟ್ಟೆಗಳು ಉಪ್ಪಿನ ಪಸೆ ಹೀರಲು ಬರುತ್ತವೆ.

ಆ ಮೂಲೆಗೆ ಒಂದೇ ಒಂದು ಗಿಡ ಅಂದ್ರೆ ನಾನು ಗಿಲಿಗಿಚ್ಚಿ ಹಾಕುತ್ತೇನೆ, ಕಾಯಿ ಒಣಗಿದರೆ ಅಲ್ಲಾಡಿಸಿದಾಗ ಗಿಲಿಗಿಲಿ ಅನ್ನುತ್ತದೆ, ಮಕ್ಕಳು ಆಡುತ್ತಾರೆ. ಟೈಗರ್, ಕ್ರೋ ಜಾತಿಯ ಗಂಡುಗಳು ಅದರ ಒಣಗಿದ, ಗಾಯವಾದ ಭಾಗಕ್ಕೆ ಮುತ್ತುತ್ತವೆ. ಅದರ ರಸದಿಂದಲೇ ಅವು ಹೆಣ್ಣನ್ನು ಒಲಿಸುವ ವಾಸನೆ ತಯಾರು ಮಾಡಿಕೊಳ್ಳುವುದು. ಮುಂಗಾರಿಗೆ ಮುಂಚೆ ಘಟ್ಟದಿಂದ ಮೂಡಣಕ್ಕೆ ಸಾವಿರಗಟ್ಟಲೆ ಬ್ಲೂ ಟೈಗರ್, ಕ್ರೋಗಳು ವಲಸೆ ಹೋಗುತ್ತವೆ, ದಾರಿಯಲ್ಲಿ ಬೆಂಗಳೂರೂ ಸಿಗುತ್ತದೆ. ಆಗ ಈ ಗಿಡ ಇದ್ದವರ ಮನೆ ಜಾತ್ರೆ.

ಯಾರಾದರೂ ಲಂಟಾನ ಹಾಕಿ ಅಂದರೆ ಕೇಳಬೇಡಿ. ಚಿಟ್ಟೆ ಬರುತ್ತದೆ, ನಿಜ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಅದೇ ನುಂಗಿದ್ದು, ಹಕ್ಕಿ ಹಣ್ಣು ತಿಂದು ಎಲ್ಲೆಲ್ಲೋ ಬೀಜ ಹಾಕುತ್ತದೆ.

ಬೆಂಗಳೂರಿನಿಂದ ಇನ್ನೊಬ್ಬರು

ನಂದು ಮೂರನೇ ಮಹಡಿಯ ಬಾಲ್ಕನಿ, ಬೆಳಗ್ಗೆ ಎರಡು ಗಂಟೆ ಬಿಸಿಲು. ಅನುಭವ ಹೇಳುವುದಾದರೆ ಒಂದು ಪಾಪವೂ ಒಂದು ಪುಣ್ಯವೂ ಇದೆ. ಪಾಪ ಮೊದಲು. ನರ್ಸರಿಯಿಂದ ಒಳ್ಳೆ ನಿಂಬೆ ಗಿಡ ತಂದೆ, ಎಲೆ ಒಂದರಲ್ಲೂ ಒಂದು ತೂತಿಲ್ಲ. ವಾರದಲ್ಲಿ ಮೊಟ್ಟೆ ಬಂತು, ಹುಳ ಆಯಿತು, ಎರಡೇ ದಿನಕ್ಕೆ ಎಲ್ಲ ಕಪ್ಪಾಗಿ ಬಿದ್ದವು. ತೂತಿಲ್ಲದ ಎಲೆ ಅಂದರೆ ಔಷಧಿ ಹೊಡೆದ ಎಲೆ ಅಂತ ನನಗೆ ಆಗ ಹೊಳೆಯಲೇ ಇಲ್ಲ. ಈಗ ಹೊಸ ಗಿಡ ತಂದರೆ ಹಳೆ ಎಲೆ ಸವರಿ, ಹೊಸ ಚಿಗುರು ಚೆನ್ನಾಗಿ ಬರುವವರೆಗೆ ಬಲೆ ಮುಚ್ಚಿ ಇಡುತ್ತೇನೆ. ಬೇವಿನ ಎಣ್ಣೆ ನೈಸರ್ಗಿಕ, ಏನೂ ಆಗಲ್ಲ ಅನ್ನುವವರಿಗೂ ಅದೇ ಮಾತು, ಹುಳಕ್ಕೆ ಅದೂ ವಿಷವೇ.

ಪುಣ್ಯ ಅಂದ್ರೆ ಕಾಡುಬಸಳೆ. ಕಿಡ್ನಿ ಕಲ್ಲಿಗೆ ಅಂತ ಯಾರೋ ಅಮ್ಮನಿಗೆ ಕೊಟ್ಟದ್ದು, ಅಮ್ಮ ತಿನ್ನಲಿಲ್ಲ, ಕುಂಡದಲ್ಲಿ ಬೆಳೆಯಿತು. ಒಂದು ದಿನ ನೋಡಿದರೆ ದಪ್ಪ ಎಲೆ ಒಳಗೆ ಟೊಳ್ಳಾಗಿ ಕಂದು ಕಲೆ. ಕೊಳೆರೋಗ ಅಂತ ಕಿತ್ತು ಎಸೆದೆ. ಮುಂದಿನ ತಿಂಗಳು ಮತ್ತೆ. ಈ ಸಲ ಒಂದು ಎಲೆ ಸೀಳಿ ನೋಡಿದರೆ ಒಳಗೆ ಹುಳ! ರೆಡ್ ಪಿಯರೋ ಅಂತೆ, ಎಲೆಯ ಎರಡು ಸಿಪ್ಪೆ ನಡುವೆಯೇ ಇದ್ದು ತಿರುಳು ತಿನ್ನುತ್ತದೆ. ಚಿಟ್ಟೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ರೆಕ್ಕೆ ಮುಚ್ಚಿ ಕೂತಾಗ ಬಿಳಿ ಮೇಲೆ ಕಪ್ಪು ಚುಕ್ಕೆ, ಕೆಳಗೆ ಕಿತ್ತಳೆ ಕೆಂಪು. ದೂರ ಹಾರುವುದಿಲ್ಲ, ಅಲ್ಲಲ್ಲೇ ಕುಂಡದ ಸುತ್ತ ಸುಳಿಯುತ್ತದೆ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಚಿಟ್ಟೆ ಇಲ್ಲ.

ಅಂದಹಾಗೆ, ನಿಮ್ಮ ಹೊಂಗೆ ಮರವನ್ನು ಯಾಕೆ ಬೈಯುತ್ತೀರಿ? ಕಾಮನ್ ಬ್ಯಾಂಡೆಡ್ ಆಲ್, ಕಾಮನ್ ಸೆರೂಲಿಯನ್ ಎರಡೂ ಹೊಂಗೆಯಲ್ಲೇ ಹುಟ್ಟುವವು. ಚಿಗುರು ಬಂದಾಗ ತಲೆ ಎತ್ತಿ ನೋಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹೊಂಗೆ ವಿಷಯ ಓದಿ ನಾಚಿಕೆಯಾಯಿತು, ಕೊಂಬೆ ಕತ್ತರಿಸಲು ಅರ್ಜಿ ಕೊಡೋಣ ಅಂತಿದ್ದೆ. ಕರಿಬೇವು ಹಿತ್ತಲಿನ ಡ್ರಮ್ಮಿನಲ್ಲಿದೆ. ಇವತ್ತು ಬೆಳಗ್ಗೆ ಮಗಳು ಭೂತಗನ್ನಡಿ ಹಿಡಿದು ಹುಡುಕಿ ಹಕ್ಕಿ ಪಿಕ್ಕೆ ಮೂರು ಸಿಕ್ಕಿದೆ ಅಂದಳು. ಒಂದು ನಿಜವಾಗಿಯೂ ಹಕ್ಕಿಯದ್ದೇ. ಎರಡು ನಡೆದವು. ಅತ್ತೆ ಆ ಕೊಂಬೆಗೆ ಕೆಂಪು ದಾರ ಕಟ್ಟಿದ್ದಾರೆ, ಅಡುಗೆಯವಳು ಕೀಳಬಾರದು ಅಂತ. ಈಶ್ವರಿ ಬಳ್ಳಿ ಮಳೆ ಹಿಡಿದ ಮೇಲೆ ಹಾಕುತ್ತೇನೆ. ಕಾಡುಬಸಳೆ ಎಲ್ಲಿ ಸಿಗುತ್ತದೆ?

ಬಾಲ್ಕನಿಯವರು

ಕೊಳ್ಳಬೇಡಿ. ಅದಕ್ಕೆ ಗಿಡವೂ ಬೇಡ, ಕಡ್ಡಿಯೂ ಬೇಡ, ಒಂದು ಎಲೆ ಮಣ್ಣಿನ ಮೇಲೆ ಹಾಕಿದರೆ ಅಂಚಿನಿಂದ ಸಾಲಾಗಿ ಮರಿ ಗಿಡ ಹುಟ್ಟುತ್ತದೆ. ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಟ್ಟರೂ ಬಾಡದೆ ಬರುತ್ತದೆ, ನಾಲ್ಕು ಎಲೆ ಕಳಿಸುತ್ತೇನೆ. ಕಂದು ಕಲೆ ಇರುವ ಒಂದನ್ನೂ ಸೇರಿಸಲೇ, ಇಲ್ಲ ಅಂಚೆಯಣ್ಣನ ಮುದ್ರೆ ಏಟಿಗೆ ಹುಳ ಸಿಕ್ಕಿಬಿಟ್ಟರೆ ಅಂತ ಯೋಚಿಸುತ್ತಿದ್ದೇನೆ. ಬೇಡ, ಅದಕ್ಕೆ ನೀವೇ ಬಂದು ತೆಗೆದುಕೊಂಡು ಹೋಗಿ.